ಅಯುತ್ಥಾಯದಲ್ಲಿ ಭಾವನ ಬಾಯಿ

ಹೊರಡುವ ಮೊದಲು, ಸುಳ್ಯದಲ್ಲಿ

ಬ್ಯಾಂಕಾಕಿಗೆ ಹೋಗಬೇಕಾದವಳು ನನ್ನ ಅಕ್ಕ. ಅವಳ ಗಂಡನಿಗೆ, ಎಂದರೆ ನನ್ನ ಭಾವನಿಗೆ, ಸುಳ್ಯ ಪೇಟೆಯಲ್ಲಿ ಗೊಬ್ಬರ ಮತ್ತು ಮೈಲುತುತ್ತಿನ ಅಂಗಡಿಯಿದೆ. ಮಳೆಗಾಲದಲ್ಲಿ ಅಡಿಕೆಗೆ ಕೊಳೆರೋಗ ಬಾರದಂತೆ ಹೊಡೆಯುವ ಮದ್ದಿಗೆ ಈ ಮೈಲುತುತ್ತು ಬೇಕೇ ಬೇಕು. ಕಳೆದ ವರ್ಷ ಮಳೆ ಬಿಡದೆ ಹೊಯ್ದು ವ್ಯಾಪಾರ ಜೋರಾಯಿತು. ಮೈಲುತುತ್ತಿನ ಕಂಪೆನಿಯವರು ಸಂತೋಷಪಟ್ಟು ಗಂಡ ಹೆಂಡತಿ ಇಬ್ಬರಿಗೂ ನಾಲ್ಕು ದಿನದ ಪ್ರವಾಸ ಕೊಟ್ಟರು. ನಮ್ಮ ಅಕ್ಕ ಸಂಪಾಜೆ ಘಾಟಿಯ ಮೂರನೇ ತಿರುವಿನಲ್ಲೇ ವಾಂತಿ ಮಾಡುವವಳು. ವಿಮಾನದ ಹೆಸರೆತ್ತಿದರೆ ನಿಂಬೆಹಣ್ಣು ಹುಡುಕುತ್ತಾಳೆ. ಹಾಗಾಗಿ ಅವಳ ಸೀಟು ನನಗೆ ಬಂತು.

ಸೀಟಿನ ಜೊತೆಗೆ ಒಂದು ಕೆಲಸವೂ ಬಂತು. ಭಾವ ಹುಟ್ಟಿ ಬೆಳೆದದ್ದು ಮರ್ಕಂಜದಲ್ಲಿ. ಹದಿನಾಲ್ಕನೇ ವರ್ಷಕ್ಕೆ ಎಲೆಯಡಿಕೆ ಹಾಕಲು ಕಲಿತವರು ಅರವತ್ತೆರಡರವರೆಗೆ ನಿಲ್ಲಿಸಿರಲಿಲ್ಲ. ಸುಮಾರು ಮೂರು ತಿಂಗಳ ಹಿಂದೆ ಹಲ್ಲುನೋವೆಂದು ಮಂಗಳೂರಿಗೆ ಹೋದಾಗ ಡಾಕ್ಟರಿಗೆ ಅವರ ಎಡಗೆನ್ನೆಯ ಒಳಗೆ ಒಂದು ಬಿಳಿ ಚುಕ್ಕೆ ಕಾಣಿಸಿತು. ಅಡಿಕೆಯನ್ನು ಪೂರ್ತಿ ಬಿಡಬೇಕು, ಮೂರು ತಿಂಗಳಾದ ಮೇಲೆ ಬಂದು ತೋರಿಸಬೇಕು, ಚುಕ್ಕೆ ಉಳಿದಿದ್ದರೆ ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕು ಎಂದು ಅವರು ಹೇಳಿ ಕಳಿಸಿದ್ದರು. ಭಾವ ಅಡಿಕೆ ಬಿಟ್ಟರು, ಅಥವಾ ಬಿಟ್ಟೆ ಎಂದು ಹೇಳಿದರು. ಎರಡನೇ ಸಲ ಡಾಕ್ಟರ ಹತ್ತಿರ ಹೋಗುವ ಮಾತು ಬಂದಾಗ ಮಾತ್ರ 'ನೋಡುವ' ಎಂದು ಎದ್ದು ಹೋಗುತ್ತಿದ್ದರು. ಆ ಚುಕ್ಕೆಯನ್ನು ಅವರು ಅಕ್ಕನಿಗೆ ತೋರಿಸಿರಲಿಲ್ಲ. ಕನ್ನಡಿಯಲ್ಲಿ ತಾವೂ ನೋಡಿಕೊಂಡಿರಲಿಲ್ಲ.

ಹೊರಡುವ ಹಿಂದಿನ ದಿನ ಅಕ್ಕ ನನ್ನನ್ನು ಅಡಿಗೆಕೋಣೆಗೆ ಕರೆದಳು.

"ತಮ್ಮ, ನೀನು ಅಲ್ಲಿ ಎಷ್ಟು ಫೋಟೋ ತೆಗೀತಿಯೋ ನಂಗೆ ಗೊತ್ತಿಲ್ಲ. ಅವರ ಬಾಯಿಗೆ ಅಡಿಕೆ ಹೋಗದ ಹಾಗೆ ನೋಡ್ಕೊ. ಅಷ್ಟು ಮಾಡಿದ್ರೆ ಸಾಕು."

ನಾನು ಪುತ್ತೂರಿನಲ್ಲಿ ಮೂವತ್ತನಾಲ್ಕು ವರ್ಷ ಫೋಟೋ ಸ್ಟುಡಿಯೋ ಇಟ್ಟವನು. ಎಲ್ಲರ ಕೈಗೂ ಫೋನು ಬಂದ ಮೇಲೆ ಬಾಗಿಲು ಹಾಕಿದೆ. ಈ ಮೂವತ್ತನಾಲ್ಕು ವರ್ಷಗಳಲ್ಲಿ ಭಾವನ ಫೋಟೋ ಎಷ್ಟು ತೆಗೆದೆನೋ ಲೆಕ್ಕವಿಲ್ಲ: ಮದುವೆ, ಮನೆ ಒಕ್ಕಲು, ಅಂಗಡಿಯ ಪೂಜೆ, ಕೊನೆಗೆ ಪಾಸ್‌ಪೋರ್ಟಿನದ್ದು. ಒಂದರಲ್ಲೂ ಅವರ ಬಾಯಿ ತೆರೆದಿಲ್ಲ. ಒಳಗೆ ಯಾವಾಗಲೂ ಎಲೆಯಡಿಕೆ ಇರುತ್ತಿತ್ತು.

ಬ್ಯಾಂಕಾಕ್, ಬೆಳಿಗ್ಗೆ

ಮೂರನೇ ದಿನ ಜೊತೆಯ ಗೊಬ್ಬರದಂಗಡಿಯವರೆಲ್ಲ ಬಸ್ಸು ಹತ್ತಿ ಮಾಲ್ ಒಂದಕ್ಕೆ ಹೊರಟರು. ಪುತ್ತೂರಿನಲ್ಲಿ ಸಿಗುವ ಚೀಲವನ್ನೇ ಇಲ್ಲಿಂದ ಹೊತ್ತುಕೊಂಡು ಹೋಗುವುದು ಎಂತಕ್ಕೆ ಎನ್ನುವುದು ಭಾವನ ವಾದ. ಮರದ ಬೇರುಗಳ ನಡುವೆ ಸಿಕ್ಕಿಕೊಂಡ ಬುದ್ಧನ ತಲೆಯ ಚಿತ್ರವನ್ನು ಎಲ್ಲೋ ನೋಡಿದ ದಿನದಿಂದ ನನಗೆ ಆ ದೇಶದ ಹಳೇ ರಾಜಧಾನಿ ಅಯುತ್ಥಾಯಕ್ಕೆ ಹೋಗುವ ಆಸೆಯಿತ್ತು. ಇಬ್ಬರೂ ಸೇರಿ ಒಂದು ದಿನಕ್ಕೆ ಕಾರು ಗೊತ್ತುಮಾಡಿದೆವು.

ಹೊರಡುವ ಮೊದಲು ದಿನದ ತಪಾಸಣೆ ಮುಗಿಸಿದೆ. ಭಾವನ ಅಂಗಿಯ ಜೇಬು, ಪ್ಯಾಂಟಿನ ಜೇಬು, ಕನ್ನಡಕದ ಪೆಟ್ಟಿಗೆ, ಮಾತ್ರೆಯ ಡಬ್ಬಿ. ಅವರು ವಿಮಾನ ನಿಲ್ದಾಣದಲ್ಲಿ ನಿಂತ ಹಾಗೆ ಎರಡೂ ಕೈ ಎತ್ತಿ ನಿಲ್ಲುತ್ತಿದ್ದರು, ತುಟಿಯಂಚಿನಲ್ಲಿ ಸಣ್ಣ ನಗು. ಅಕ್ಕನ ಗಂಡನ ಜೇಬಿಗೆ ಕೈ ಹಾಕುವುದು ನನಗೂ ಹಿತವಾದ ಕೆಲಸವಲ್ಲ. ಆ ನಗು ನಾಚಿಕೆಯದ್ದು ಎಂದುಕೊಂಡು ನಾನು ಬೇಗ ಬೇಗ ಮುಗಿಸುತ್ತಿದ್ದೆ.

ಕಾರು ತಂದವರು ಐವತ್ತು ದಾಟಿದ ಹೆಂಗಸು. ಹೆಸರು ನೊಯ್. ನಮಗೆ ತಿಳಿಯುವಷ್ಟು ಇಂಗ್ಲಿಷ್ ಬರುತ್ತಿತ್ತು. ಅದು ಸಾಲದಾದಾಗ ತಮ್ಮ ಭಾಷೆಯಲ್ಲಿ ಫೋನಿಗೆ ಹೇಳುತ್ತಿದ್ದರು, ಫೋನು ಅದನ್ನು ಕನ್ನಡದಲ್ಲಿ ವಾರ್ತೆ ಓದುವವರ ಗತ್ತಿನಲ್ಲಿ ಹೇಳುತ್ತಿತ್ತು. ಭಾವ ಆ ಫೋನಿಗೂ ಬಹುವಚನದಲ್ಲೇ ಉತ್ತರ ಕೊಟ್ಟರು.

ದಾರಿಯಲ್ಲಿ

ದಾರಿಯುದ್ದಕ್ಕೂ ಒಬ್ಬರೂ ಹಾರ್ನ್ ಹಾಕಲಿಲ್ಲ. ಪುತ್ತೂರಿನಿಂದ ಉಪ್ಪಿನಂಗಡಿಗೆ ಹೋಗುವಷ್ಟರಲ್ಲಿ ನಮ್ಮ ಕಿವಿಗೆ ಬೀಳುವ ಹಾರ್ನ್ ಇವರಿಗೆ ವರ್ಷಕ್ಕೆ ಸಾಕಾದೀತು. ಮೊದಲು ನೆಮ್ಮದಿ ಎನಿಸಿದ್ದು ಆಮೇಲೆ ಏನೋ ತಪ್ಪಿದಂತೆ ಆಗತೊಡಗಿತು. ಹಿಂದಿನಿಂದ ಯಾರೂ ಬರುತ್ತಿಲ್ಲವೇನೋ ಎಂದು ಭಾವ ಎರಡು ಸಲ ತಿರುಗಿ ನೋಡಿದರು.

ಹೆದ್ದಾರಿಯ ಬದಿಯಲ್ಲಿ ಒಂದು ದೊಡ್ಡ ಗುಡಿ ಕಂಡಾಗ ನೊಯ್ ಸ್ಟಿಯರಿಂಗನ್ನು ಬಿಟ್ಟು ಎರಡೂ ಕೈ ಜೋಡಿಸಿದರು. ಕಾರು ತನ್ನ ಪಾಡಿಗೆ ಓಡುತ್ತಿತ್ತು. ನನ್ನ ಕಾಲು ಇಲ್ಲದ ಬ್ರೇಕನ್ನು ತುಳಿಯಿತು. ಭಾವನಿಗೆ ಮಾತ್ರ ಇದು ಬಹಳ ಹಿಡಿಸಿತು. ನಮ್ಮಲ್ಲೂ ಡ್ರೈವರುಗಳು ದಾರಿ ಬದಿಯ ಕಾಣಿಕೆ ಡಬ್ಬಿಯ ಹತ್ತಿರ ನಿಧಾನಿಸಿ ನಾಣ್ಯ ಹಾಕುತ್ತಾರಲ್ಲ, ಇದೂ ಅದೇ, ಒಂದು ಕೈ ಹೆಚ್ಚು ಎಂದರು. ಅಲ್ಲಿಂದ ಮುಂದೆ ಗುಡಿ ಕಂಡಾಗಲೆಲ್ಲ ಅವರೂ ಹಿಂದಿನ ಸೀಟಿನಿಂದ ಕೈ ಮುಗಿದರು. ನಾನು ಸ್ಟಿಯರಿಂಗನ್ನೇ ನೋಡುತ್ತಾ ಕುಳಿತೆ.

ಬೇರಿನೊಳಗಿನ ಮುಖ

ಅಯುತ್ಥಾಯ ಎಂದರೆ ಅಯೋಧ್ಯೆಯೇ, ಅವರ ನಾಲಗೆಯಲ್ಲಿ ಹಾಗಾಗಿದೆ. ಮೂರು ಹೊಳೆಗಳು ಸುತ್ತಿ ಹರಿದು ಊರನ್ನು ದ್ವೀಪ ಮಾಡಿವೆ. ಶ್ರೀರಂಗಪಟ್ಟಣ ನೋಡಿದವರಿಗೆ ಬೇರೆ ವಿವರಣೆ ಬೇಡ: ಹೊಳೆಯ ನಡುವೆ ರಾಜಧಾನಿ, ಸುತ್ತ ಕೋಟೆ, ಕೊನೆಗೆ ಒಂದು ಯುದ್ಧ. ಇಲ್ಲಿ ಬಂದವರು ಬರ್ಮಾದವರು. ಊರು ಸುಟ್ಟು, ವಿಗ್ರಹಗಳ ತಲೆ ಕಡಿದು ಹೋದರಂತೆ. ಈಗ ಇಟ್ಟಿಗೆಯ ಗೋಪುರಗಳ ನಡುವೆ ತಲೆಯಿಲ್ಲದ ಬುದ್ಧರು ಸಾಲಾಗಿ ಕುಳಿತಿದ್ದಾರೆ. ನಡುನಡುವೆ ಬಾಡಿಗೆಯ ಜರಿ ಬಟ್ಟೆ ಉಟ್ಟ ಹುಡುಗಿಯರು ಫೋಟೋ ತೆಗೆಸಿಕೊಳ್ಳುತ್ತಿದ್ದರು. ರಸ್ತೆಯಲ್ಲಿ ಕೆಂಪು ಕೊಡೆ ಕಟ್ಟಿದ ನಾಲ್ಕು ಆನೆಗಳು ಪ್ರವಾಸಿಗರನ್ನು ಹೊತ್ತು ನಡೆಯುತ್ತಿದ್ದವು.

ನಾನು ನೋಡಬಯಸಿದ ತಲೆ ಒಂದು ದೊಡ್ಡ ಮರದ ಬುಡದಲ್ಲಿತ್ತು. ಬೇರುಗಳು ಅದನ್ನು ಸುತ್ತಲಿನಿಂದ ಹಿಡಿದುಕೊಂಡಿವೆ. ನಾನು ನಿಂತೇ ಕ್ಯಾಮೆರಾ ಎತ್ತಿದೆ. ಕಾವಲುಗಾರ ಸೀಟಿ ಊದಿದ. ನಮ್ಮ ತಲೆ ಬುದ್ಧನ ತಲೆಗಿಂತ ಮೇಲಿರಬಾರದು, ಕುಕ್ಕರುಗಾಲಿನಲ್ಲಿ ಕೂರಬೇಕು. ನನ್ನ ಮಂಡಿ ಅರ್ಧಕ್ಕೇ ಹರತಾಳ ಹೂಡಿತು. ಮತ್ತೆ ಸೀಟಿ. ಕಡೆಗೆ ನೆಲದ ಮೇಲೆ ಪೂರ್ತಿ ಕುಳಿತು ತೆಗೆದೆ, ಏಳಿಸಲು ಇಬ್ಬರು ಚೀನೀ ಹುಡುಗಿಯರು ಬೇಕಾದರು.

ಭಾವ ಪಕ್ಕದಲ್ಲೇ ಸಲೀಸಾಗಿ ಕುಕ್ಕರಿಸಿ ಆ ಮುಖವನ್ನು ಬಹಳ ಹೊತ್ತು ನೋಡಿದರು. ಅದರ ತುಟಿ ಮುಚ್ಚಿಕೊಂಡೇ ನಗುತ್ತಿತ್ತು. "ಇವನ ಬಾಯಲ್ಲಿ ಎಂತ ಉಂಟು ಅಂತ ಯಾರೂ ಕೇಳುದಿಲ್ಲ" ಎಂದರು. ನಾನು ಕೇಳಿಸದವನಂತೆ ಲೆನ್ಸ್ ಒರೆಸಿದೆ.

ಊಟ

ಹೊಳೆ ಬದಿಯ ಹೋಟೆಲಿನಲ್ಲಿ ನೊಯ್ ನಮ್ಮನ್ನು ಕೂರಿಸಿ, ತಾವು ದೂರದ ಇನ್ನೊಂದು ಮೇಜಿಗೆ ಹೋದರು. ಭಾವ ಎದ್ದು ಹೋಗಿ ಕರೆದರು. ಅವರು ಬೇಡವೆಂದರು. ಭಾವ ಅಲ್ಲೇ ನಿಂತರು. ನಮ್ಮ ಊರಲ್ಲಿ ಕಾರು ಮಾಡಿಕೊಂಡು ಹೋದರೆ ಡ್ರೈವರು ಕೂರದೆ ಎಲೆ ಹಾಕುವುದಿಲ್ಲ, ಮದುವೆಯಾದರೂ ಸಾವಿನ ಬೊಜ್ಜವಾದರೂ ಅದೇ ಪಂಕ್ತಿ. ಇದನ್ನು ಭಾವ ಸುಳ್ಯದ ಕನ್ನಡದಲ್ಲಿ ಫೋನಿಗೆ ವಿವರಿಸಿದರು. ಫೋನು ಏನು ಹೇಳಿತೋ, ನೊಯ್ ಮುಖ ಕೆಂಪಗೆ ಮಾಡಿಕೊಂಡು ಬಂದು ಕುಳಿತರು. ಅಂಗೈ ಉದ್ದದ ಹೊಳೆ ಸಿಗಡಿಯ ಚಿಪ್ಪನ್ನು ಬಿಡಿಸುವುದು ಹೇಗೆಂದು ಅವರೇ ನಮಗೆ ತೋರಿಸಿಕೊಟ್ಟರು.

ಭಾವನಿಗೆ ಊಟದ ನಂತರದ ಅರ್ಧ ಗಂಟೆ ಎಲ್ಲಕ್ಕಿಂತ ಕಷ್ಟದ್ದು. ಕೈ ತನ್ನಷ್ಟಕ್ಕೆ ಜೇಬಿಗೆ ಹೋಗುತ್ತದೆ, ಖಾಲಿ ಬರುತ್ತದೆ. ಸೋಂಪು ಅಗಿದರು. ಅದು ಮುಗಿದ ಮೇಲೆ ಹಲ್ಲುಕಡ್ಡಿ. ಅವರ ಗಮನ ಬೇರೆಡೆ ಹರಿಯಲಿ ಎಂದು ನಾನೇ ಅವರ ಫೋನಿನಲ್ಲಿದ್ದ ಊರಿನ ಫೋಟೋಗಳನ್ನು ನೊಯ್‌ಗೆ ತೋರಿಸತೊಡಗಿದೆ. ಅಡಿಕೆ ಮರ ಬಂದಾಗ ನೊಯ್ ನನ್ನ ಕೈ ಹಿಡಿದು ನಿಲ್ಲಿಸಿದರು. ತನ್ನ ಅಮ್ಮನ ಮನೆ ಇಲ್ಲೇ ಹತ್ತಿರ, ಅಲ್ಲೂ ಈ ಮರ ಉಂಟು, ಹೇಗೂ ಅಮ್ಮನಿಗೆ ಮಾತ್ರೆ ಕೊಡಲಿಕ್ಕಿದೆ, ಐದು ನಿಮಿಷ ಎಂದರು. ಭಾವ ಅಷ್ಟರಲ್ಲೇ ಎದ್ದು ನಿಂತಿದ್ದರು. ಕಾವಲುಗಾರನಾದ ನಾನೇ ದಾರಿ ತೋರಿಸಿದಂತಾಯಿತು.

ನೊಯ್ ಅವರ ಅಮ್ಮನ ಮನೆ

ಮನೆ ಎತ್ತರದ ಕಂಬಗಳ ಮೇಲಿತ್ತು. ನನ್ನ ಎದೆಯ ಮಟ್ಟಕ್ಕೆ ಎಲ್ಲ ಕಂಬಗಳ ಮೇಲೂ ನೆರೆ ಬಂದು ಹೋದ ಕಂದು ಗೆರೆ. ಉಪ್ಪಿನಂಗಡಿಯ ಹಳೇ ಗೋಡೆಗಳಲ್ಲಿ ಇಂಥದ್ದನ್ನು ನೋಡಿದ್ದೇನೆ. ನೊಯ್ ಮಾತ್ರೆಯ ಚೀಲ ಹಿಡಿದು ಮೆಟ್ಟಿಲು ಹತ್ತಿ ಹೋದರು.

ಅಂಗಳದಲ್ಲಿ ಐದು ಅಡಿಕೆ ಮರ. ಬುಡದಲ್ಲಿ ಹಣ್ಣಡಿಕೆ ಉದುರಿ ಬಿದ್ದಿತ್ತು, ಯಾರೂ ಹೆಕ್ಕಿರಲಿಲ್ಲ. ನಮ್ಮ ಕಡೆಯವರಿಗೆ ಇದನ್ನು ನೋಡಿ ಸುಮ್ಮನಿರಲು ಬರುವುದಿಲ್ಲ. ಮದುವೆಗೆ ಬಂದ ರೇಷ್ಮೆ ಸೀರೆಯ ನೆಂಟರೂ ತೋಟದ ದಾರಿಯಲ್ಲಿ ಬಿದ್ದ ಅಡಿಕೆ ಕಂಡರೆ ಬಗ್ಗಿ ಹೆಕ್ಕಿ ಕಟ್ಟೆಯ ಮೇಲಿಟ್ಟೇ ಮುಂದೆ ಹೋಗುತ್ತಾರೆ. ಭಾವ ತಲೆಯ ಟೋಪಿ ತೆಗೆದು, ಬಗ್ಗಿ ಒಂದೊಂದೇ ಹೆಕ್ಕಿ ಅದರಲ್ಲಿ ಹಾಕುತ್ತಾ ಹೋದರು. ತಿನ್ನುವ ಯೋಚನೆ ಅದರಲ್ಲಿ ಇರಲಿಲ್ಲ, ಅದು ಬರಿಯ ಕೈಯ ಅಭ್ಯಾಸ. ಹಾಗಾಗಿ ನಾನೂ ತಡೆಯಲಿಲ್ಲ. ಅಂಗಳದ ಮೂಲೆಯಲ್ಲಿ ಒಂದು ಸಿಮೆಂಟು ಕಂಬದ ಬುಡದ ಕಟ್ಟೆಯ ಮೇಲೂ ಏಳೆಂಟು ಅಡಿಕೆ ಸಾಲಾಗಿದ್ದವು. ಮನೆಯವರು ಯಾರೋ ಹೆಕ್ಕಿ ಇಟ್ಟದ್ದಿರಬೇಕೆಂದು ಭಾವ ಅವನ್ನೂ ಟೋಪಿಗೆ ಸೇರಿಸಿದರು.

ಅಡಿಕೆ ಹೆಕ್ಕುವವನು ಮೇಲೆ ನೋಡುವುದಿಲ್ಲ. ಮೆಟ್ಟಿಲಲ್ಲಿ ನೊಯ್ ಮತ್ತು ಅವರ ಅಮ್ಮ ಇಳಿಯುತ್ತಿದ್ದವರು ಅಲ್ಲೇ ನಿಂತುಬಿಟ್ಟರು. ನೊಯ್ ಕಂಬದ ಕಡೆಗೆ ಕೈ ಮುಗಿದರು. ಆಗ ನಾವು ತಲೆಯೆತ್ತಿದೆವು. ಕಂಬದ ತುದಿಯಲ್ಲಿ ಒಂದು ಪುಟ್ಟ ಮರದ ಗುಡಿ. ಒಳಗೆ ಬೆರಳುದ್ದದ ಅಜ್ಜ ಅಜ್ಜಿಯ ಬೊಂಬೆಗಳು, ಮಲ್ಲಿಗೆ ಹಾರ, ಊದುಬತ್ತಿಯ ಬೂದಿ, ಸ್ಟ್ರಾ ಹಾಕಿಟ್ಟ ಕೆಂಪು ಸೋಡಾ ಬಾಟಲಿ. ಜಾಗ ಕಾಯುವ ಹಿರಿಯರಂತೆ ಅವರು. ಕಟ್ಟೆಯ ಮೇಲಿನ ಅಡಿಕೆ ಅವರಿಗೆ ಇಟ್ಟದ್ದು.

ಭಾವನ ಮುಖ ಬಿಳಿಚಿಕೊಂಡಿತು. ದೈವಕ್ಕೆ ಇಟ್ಟದ್ದನ್ನು ಮುಟ್ಟುವುದು ಎಂದರೆ ಏನೆಂದು ಮರ್ಕಂಜದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಟೋಪಿಯಲ್ಲಿ ಯಾವುದು ನೆಲದ್ದು, ಯಾವುದು ಕಟ್ಟೆಯದ್ದು ಎಂದು ಗುರುತು ಸಿಗುವಂತಿರಲಿಲ್ಲ. ಅವರು ಚಪ್ಪಲಿ ಕಳಚಿ, ಹೆಕ್ಕಿದ್ದಷ್ಟನ್ನೂ ಕಟ್ಟೆಯ ಮೇಲೆ ಜೋಡಿಸಿದರು. ಬೇಡ, ಪರವಾಗಿಲ್ಲ ಎಂದು ನೊಯ್ ಹೇಳುತ್ತಲೇ ಇದ್ದರು.

"ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರುದಿಲ್ಲ" ಎಂದು ಭಾವ ನನ್ನತ್ತ ನೋಡದೆ ಹೇಳಿದರು. ಬೆಳಿಗ್ಗೆ ನಾಲ್ಕು ಆನೆ ನೋಡಿದ್ದರೂ ನನಗೆ ನಗು ಬರಲಿಲ್ಲ.

ಊರಲ್ಲಾಗಿದ್ದರೆ ತಪ್ಪು ಕಾಣಿಕೆ ಇಡುತ್ತಿದ್ದರು. ನಾನು ಪರ್ಸು ತೆಗೆಯಲು ಹೋದೆ. ಅವರು ತಡೆದರು.

"ದುಡ್ಡು ಆಗುದಿಲ್ಲ. ತೆಗ್ದದ್ದು ಅಡಿಕೆ, ಇಡುದು ಅಡಿಕೆಯೇ. ನಿನ್ನ ಕ್ಯಾಮೆರಾ ಚೀಲ ಕೊಡು."

ಕೊಟ್ಟೆ. ಲೆನ್ಸ್ ಒರೆಸುವ ಬಟ್ಟೆಯಿಡುವ ಒಳಜೇಬಿಗೆ ಕೈ ಹಾಕಿ, ತಳದಿಂದ ಒಂದು ಕಾಗದದ ಪೊಟ್ಟಣ ತೆಗೆದರು. ಒಳಗೆ ಒಂದೇ ಒಂದು ಅಡಿಕೆ. ಒಣಗಿಸಿ ಸುಲಿದ ಚಾಲಿ, ನಮ್ಮ ಊರಿನದ್ದೇ. ದಿನಾ ಬೆಳಿಗ್ಗೆ ಅವರ ಜೇಬು ತಡಕುತ್ತಿದ್ದ ನಾನು ಅದನ್ನು ಹೆಗಲಲ್ಲಿ ಹೊತ್ತುಕೊಂಡು ತಿರುಗಿದ್ದೆ. ನನಗೆ ಸಿಟ್ಟು ಬಂತು, ಅಕ್ಕನ ಮುಖ ನೆನಪಾಗಿ ಹೆದರಿಕೆಯೂ ಆಯಿತು.

"ತಿನ್ಲಿಕ್ಕೆ ಅಲ್ಲ ಮಾರಾಯ. ಬಿಟ್ಟ ದಿನದಿಂದ ಇದು ಒಟ್ಟಿಗೆ ಉಂಟು. ಉಂಟು ಅಂತ ಗೊತ್ತಿದ್ರೆ ಒಂದು ಧೈರ್ಯ."

ಪೊಟ್ಟಣದ ಕಾಗದ ಮಡಿಕೆಯಲ್ಲಿ ಹರಿಯುವಷ್ಟು ಹಳತಾಗಿತ್ತು. ಅಡಿಕೆಯಲ್ಲಿ ಅಡಕತ್ತರಿಯ ಗುರುತಿರಲಿಲ್ಲ. ನಾನು ನಂಬಿದೆ. ಅವರು ಅದನ್ನು ಎಲ್ಲಕ್ಕಿಂತ ಮುಂದೆ ಇಟ್ಟು ಕೈ ಮುಗಿದರು.

ಮೆಟ್ಟಿಲಲ್ಲೇ ನಿಂತಿದ್ದ ಮುದುಕಿ ಈಗ ಹತ್ತಿರ ಬಂದರು. ಎಂಬತ್ತರ ಮೇಲಿರಬೇಕು. ನಕ್ಕಾಗ ಹಲ್ಲುಗಳು ಕಪ್ಪು, ಮಸಿ ಬಳಿದಷ್ಟು ಕಪ್ಪು. ಈ ಓಣಿಯಲ್ಲಿ ಈಗಲೂ ಎಲೆಯಡಿಕೆ ಹಾಕುವವರು ಅಮ್ಮ ಒಬ್ಬರೇ ಎಂದು ನೊಯ್ ಹೇಳಿದರು. ಮುದುಕಿ ಮನೆಯಡಿಯ ನೆರಳಲ್ಲಿದ್ದ ಮಂಚದ ಕೆಳಗಿನಿಂದ ಎಲೆಯಡಿಕೆಯ ತಟ್ಟೆ ಎಳೆದು, ಎಲೆಗೆ ಸುಣ್ಣ ಹಚ್ಚಿದರು. ಅಲ್ಲಿಯ ಸುಣ್ಣ ಕೆಂಪು. ಅಡಿಕೆ ಹೋಳು ಇಟ್ಟು ಮಡಚಿ, ಎರಡೂ ಕೈಯಲ್ಲಿ ಭಾವನಿಗೆ ಚಾಚಿದರು. ತಪ್ಪನ್ನು ಮರೆತೆ ಎನ್ನಲು ಅವರಿಗೆ ಬೇರೆ ಭಾಷೆ ಇರಲಿಲ್ಲ.

ಬಿಸಿ ತುಪ್ಪದ ಗಾದೆ ನಮಗೆಲ್ಲ ಗೊತ್ತು, ನುಂಗಲೂ ಆಗದು ಉಗುಳಲೂ ಆಗದು. ಹಿರಿಯರು ಕೊಟ್ಟ ವೀಳ್ಯವನ್ನು ಬೇಡ ಎಂದ ಗಂಡಸು ಭಾವನ ವಂಶದಲ್ಲಿಲ್ಲ, ಅದರಲ್ಲೂ ಈಗಷ್ಟೇ ತಪ್ಪು ಮಾಡಿ ನಿಂತಾಗ. ಅವರು ಅದನ್ನು ಎರಡು ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು. ಹಸಿ ಎಲೆಯ ವಾಸನೆ ನನ್ನವರೆಗೂ ಬಂತು. ನಾನು ಬಾಯಿ ತೆರೆಯಬೇಕಿತ್ತು, ಅಕ್ಕ ನನ್ನನ್ನು ಕಳಿಸಿದ್ದು ಅದಕ್ಕೇ.

ಬಾಯಿ ತೆರೆದವರು ಭಾವ. ಮುದುಕಿಯ ಮುಂದೆ ಬಗ್ಗಿ, ಎಡಗೆನ್ನೆಯನ್ನು ಬೆರಳಿನಿಂದ ಹೊರಕ್ಕೆಳೆದು, ಬಾಯಿ ಅಗಲಿಸಿ ತೋರಿಸಿದರು. ನಾನು ಬೇರೆಡೆ ನೋಡಿದೆ. ಮುದುಕಿ ಅವರ ಗಲ್ಲ ಹಿಡಿದು, ಬೆಳಕಿಗೆ ತಿರುಗಿಸಿ, ಸಾವಕಾಶ ನೋಡಿ ಏನೋ ಹೇಳಿದರು. ನೊಯ್ ಅದನ್ನು ಫೋನಿಗೆ ಹೇಳಿದರು. ಫೋನು ವಾರ್ತೆಯ ದನಿಯಲ್ಲಿ ಓದಿತು: "ನನ್ನ ತಂಗಿಗೆ ಇದೇ ಇತ್ತು. ಅವಳು ಯಾರಿಗೂ ತೋರಿಸಲಿಲ್ಲ. ಇದನ್ನು ಅಜ್ಜನಿಗೆ ಕೊಡಿ."

ಭಾವ ಆ ವೀಳ್ಯವನ್ನು ಗುಡಿಯ ಅಜ್ಜನ ಮುಂದೆ ಇಟ್ಟರು. ಮುದುಕಿ ತನಗೊಂದು ಮಡಚಿಕೊಂಡು ಬಾಯಿಗೆ ಹಾಕಿಕೊಂಡರು. ಎಪ್ಪತ್ತು ವರ್ಷ ಅಗಿದ ಅವರಿಗೆ ಏನೂ ಆಗಿಲ್ಲ. ಇದರಲ್ಲಿ ನ್ಯಾಯ ಹುಡುಕಲು ನಾನು ಹೋಗುವುದಿಲ್ಲ.

ಹೊಳೆಗಳು ಸೇರುವಲ್ಲಿ

ಹಿಂದಿರುಗುವ ಮೊದಲು ನೊಯ್ ನಮ್ಮನ್ನು ದ್ವೀಪದ ತುದಿಯ ಹಳೇ ಕೋಟೆಯ ಹತ್ತಿರ ಇಳಿಸಿದರು. ಹೊಳೆಗಳು ಅಲ್ಲಿ ಒಂದಾಗುತ್ತವೆ. ಉಪ್ಪಿನಂಗಡಿಯಲ್ಲಿ ಮಳೆಗಾಲಕ್ಕೆ ನೇತ್ರಾವತಿಯ ನೀರು ಯಾವುದು, ಕುಮಾರಧಾರೆಯದ್ದು ಯಾವುದು ಎಂದು ನಾವು ಬಣ್ಣ ನೋಡಿ ಹೇಳುತ್ತೇವೆ. ಇಲ್ಲಿ ಎಲ್ಲವೂ ಒಂದೇ ಕಂದು. ಒಂದು ಸಣ್ಣ ದೋಣಿ ನಾಲ್ಕು ದೊಡ್ಡ ದೋಣಿಗಳನ್ನು ಹಗ್ಗ ಕಟ್ಟಿ ಎಳೆದುಕೊಂಡು ಹೋಗುತ್ತಿತ್ತು. ಸಂಜೆಯ ಬಿಸಿಲು ಓರೆಯಾಗಿ ಬೀಳುತ್ತಿತ್ತು, ಫೋಟೋದವರು ಕಾಯುವ ಬೆಳಕು.

ಭಾವ ಇಟ್ಟಿಗೆಯ ಗೋಡೆಗೆ ಬೆನ್ನು ಕೊಟ್ಟು ನಿಂತು ತಮ್ಮ ಫೋನನ್ನು ನನ್ನ ಕೈಗಿತ್ತರು.

"ಒಂದು ಫೋಟೋ ತೆಗಿ. ಬಾಯಿ ಒಳಗಿನದ್ದು."

ಸ್ಟುಡಿಯೋದಲ್ಲಿ ಗಲ್ಲ ಸ್ವಲ್ಪ ಮೇಲೆ, ಸ್ವಲ್ಪ ಬಲಕ್ಕೆ ಎಂದು ಸಾವಿರಾರು ಜನರಿಗೆ ಹೇಳಿದ್ದೇನೆ. ಅಂದು ಭಾವನಿಗೂ ಅದನ್ನೇ ಹೇಳಿದೆ. ಮೂರು ತೆಗೆದೆ. ಎರಡರಲ್ಲಿ ನನ್ನ ಕೈಯ ನೆರಳು ಬಿತ್ತು. ಮೂರನೆಯದು ಸ್ಪಷ್ಟವಾಗಿ ಬಂತು.

"ಉಂಟಾ?" ಎಂದು ಕೇಳಿದರು.

"ಉಂಟು ಭಾವ."

ಮೊದಲು ಎಷ್ಟಿತ್ತೆಂದು ನಾನು ನೋಡಿದವನಲ್ಲ. ಚಿಕ್ಕದಾಗಿದೆ ಎನ್ನುವ ಸುಳ್ಳು ನಾಲಗೆಯವರೆಗೆ ಬಂದಿತ್ತು, ಹೇಳಲಿಲ್ಲ. ಅವರು ಫೋನು ತೆಗೆದುಕೊಂಡು ಮೊದಲ ಸಲ ಅದನ್ನು ನೋಡಿದರು. ಬೆರಳಿನಿಂದ ಹಿಗ್ಗಿಸಿ ಇನ್ನೊಮ್ಮೆ ನೋಡಿದರು. ಆಮೇಲೆ ಅಕ್ಕನಿಗೆ ಕಳಿಸಿದರು. ಒಂದು ಅಕ್ಷರ ಬರೆಯಲಿಲ್ಲ, ಬರಿಯ ಫೋಟೋ.

ಸುಳ್ಯದ ಗಡಿಯಾರ ಇಲ್ಲಿಗಿಂತ ಒಂದೂವರೆ ಗಂಟೆ ಹಿಂದೆ, ಅಕ್ಕ ಅಂಗಡಿಯಲ್ಲಿರುವ ಹೊತ್ತು. ಅವಳು ನೋಡಿದಳೆಂದು ಫೋನು ತೋರಿಸಿತು. ದೋಣಿಗಳ ಸಾಲು ತಿರುವಿನಲ್ಲಿ ಮರೆಯಾಗುವವರೆಗೆ ಉತ್ತರ ಬರಲಿಲ್ಲ. ಭಾವ ಗೋಡೆಯ ಇಟ್ಟಿಗೆಯನ್ನು ಉಗುರಿನಿಂದ ಕೆರೆಯುತ್ತಿದ್ದರು. ಕಡೆಗೆ ಅವಳ ವಾಯ್ಸ್ ಮೆಸೇಜು ಬಂತು, ಹಿಂದೆ ಅಂಗಡಿಯ ತಕ್ಕಡಿಯ ಸದ್ದು.

"ನೋಡಿದೆ. ಸೋಮವಾರ ಅಂಗಡಿಗೆ ಬಾಗಿಲು ಹಾಕುವ, ಡಾಕ್ಟ್ರಲ್ಲಿಗೆ ಒಟ್ಟಿಗೆ ಹೋಗುವ." ಯಾರಿಗೋ ಚಿಲ್ಲರೆ ಎಣಿಸಿ ಕೊಟ್ಟ ಸದ್ದು. "ಹಲ್ಲು ಬೆಳ್ಳಗೆ ಆಗ್ತಾ ಉಂಟಲ್ಲ ನಿಮ್ದು. ಮದುವೆ ದಿನ ಸಹ ನಾನು ಇಷ್ಟು ಕಂಡದ್ದಿಲ್ಲ."

ಭಾವ ಅದನ್ನು ಎರಡನೇ ಸಲ ಹಾಕಿ ಕೇಳಿದರು. ಮೂರನೇ ಸಲ ಕೇಳುವಾಗ ಅವರಿಗೆ ನಗು ಬಂತು, ಬಾಯಿ ತೆರೆದ ನಗು. ಕಣ್ಣಲ್ಲಿ ನೀರೂ ಇತ್ತು. ಮೂವತ್ತನಾಲ್ಕು ವರ್ಷದಲ್ಲಿ ನಾನು ಅಂಥದ್ದನ್ನು ನೋಡಿದ್ದು ಅದೇ ಮೊದಲು. ಕ್ಯಾಮೆರಾ ನನ್ನ ಕುತ್ತಿಗೆಯಲ್ಲೇ ನೇತಾಡುತ್ತಿತ್ತು, ಫೋಟೋ ತೆಗೆಯುವುದು ಮರೆತೇಹೋಯಿತು.